ಒಡಕಿನ ಗಾಡಿ

ಸೋಮವಾರ ಬೆಳಿಗ್ಗೆ ಕಿವಿಮೇಸ್ತ್ರಿ ಮರದ ಸುತ್ತಿಗೆಯಿಂದ ಮೊದಲನೆಯ ಪಿಂಗಾಣಿ ಬಟ್ಟಲನ್ನು ತಟ್ಟಿದಾಗ ಅದು ಮೊಂಡಾಗಿ 'ಥಪ್' ಎಂದಿತು. ಒಡಕು ಎಂದುಕೊಂಡು ಪಕ್ಕದ ಗಾಡಿಗೆ ಹಾಕಿದ. ಎರಡನೆಯದೂ ಥಪ್. ಮೂರನೆಯದೂ ಥಪ್. ಚಹಾದ ಹೊತ್ತಿಗೆ ಒಡಕಿನ ಗಾಡಿ ತುಂಬಿ ತುಳುಕುತ್ತಿತ್ತು, ಒಳ್ಳೆಯ ಮಾಲಿನ ಗಾಡಿಯಲ್ಲಿ ನಾಲ್ಕೋ ಐದೋ ಇದ್ದವು.

ಕರೆಂಟ್ ಕಂಬದ ಮೇಲೆ ತಂತಿ ಹೊತ್ತು ಕೂರುತ್ತವಲ್ಲ, ಆ ಬಟ್ಟಲುಗಳನ್ನು ಮಾಡುವ ಕಾರ್ಖಾನೆ ಅದು. ಭಟ್ಟಿಯಲ್ಲಿ ಬೆಂದು ಬಂದ ಒಂದೊಂದನ್ನೂ ತಟ್ಟಿ ನೋಡಬೇಕು. ಗಟ್ಟಿಯಿದ್ದರೆ 'ಠಣ್' ಎನ್ನುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಸತ್ತುಹೋಗುತ್ತದೆ. ಒಂಬತ್ತು ವರ್ಷದಿಂದ ಆ ಮೇಜಿಗೆ ಇವನೊಬ್ಬನೇ ದಿಕ್ಕು, ಕಿವಿಮೇಸ್ತ್ರಿ ಎಂಬ ಹೆಸರು ಬಿದ್ದದ್ದೂ ಅದರಿಂದಲೇ. ಇವನು ತಟ್ಟಿದ್ದನ್ನು ಇನ್ನೊಬ್ಬರು ತಟ್ಟುವಂತಿಲ್ಲ, ಅದು ಇವನಿಗೆ ಮಾಡುವ ಅವಮಾನ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಮ್ಯಾನೇಜರು ಕೂಡ ಇವನ ಕಿವಿಯೆದುರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಾಗಾಗಿ ಅಂದು ಎಲ್ಲರೂ ತಿರುಗಿ ನೋಡಿದ್ದು ಭಟ್ಟಿಯ ಕಡೆಗೆ.

ಭಟ್ಟಿ ಇವನ ಅಕ್ಕನ ಉಸ್ತುವಾರಿಯಲ್ಲಿತ್ತು. ಪುಟ್ಟ ಕಿಂಡಿಗೆ ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿಯೇ ಇನ್ನು ಸಾಕು ಎನ್ನುವವಳು ಅವಳು. ಹೆಂಗಸಿಗ್ಯಾಕೆ ಭಟ್ಟಿ ಎಂದವರ ಬಾಯಿ ಮುಚ್ಚಿಸಲು ಹನ್ನೊಂದು ವರ್ಷ ಹಿಡಿದಿತ್ತು. ತಮ್ಮನನ್ನು ಇಲ್ಲಿ ಸೇರಿಸಿದ್ದೂ ಅವಳೇ.

ಮೂರನೆಯ ಬಟ್ಟಲಿಗೇ ತಮ್ಮನಿಗೆ ವಿಷಯ ಹೊಳೆದಿತ್ತು, ಅದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಕಿವಿಯೊಳಗೆ ಕುಕ್ಕರಿನ ಹಬೆಯಂತೆ ಸುಂಯ್ ಎನ್ನುತ್ತಿತ್ತು. ಹೆಂಡತಿಯ ಮಾತು ಗೋಡೆಯಾಚೆಯಿಂದ ಬಂದಂತಿತ್ತು. ನಲ್ಲಿಯಿಂದ ನೀರು ಬೀಳುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕಾರಣ ಅವನ ಜೇಬಿನಲ್ಲೇ ಇತ್ತು. ಅದು ನೋವಿನ ಮಾತ್ರೆ, ಆದರೆ ಅವನಿಗೆ ಯಾವ ನೋವೂ ಇರಲಿಲ್ಲ. ಮೂರು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ತಾರಸಿಯ ಮೇಲೆ ಪ್ಯಾಕಿಂಗ್ ವಿಭಾಗದ ಗೆಳೆಯ, "ಎರಡು ಹಾಕ್ಕೊಂಡು ನೋಡು, ಮೈ ಹಗುರಾಗುತ್ತೆ" ಎಂದಿದ್ದ. ಹಗುರಾಯಿತು. ಎರಡು ನಾಲ್ಕಾಯಿತು, ಭಾನುವಾರ ಹೋಗಿ ದಿನವೂ ಆಯಿತು. ಹೆಚ್ಚಾದರೆ ಕಿವಿ ಹೋಗುತ್ತದಂತೆ ಎಂದು ಗೆಳೆಯ ಬಿಟ್ಟುಬಿಟ್ಟ, ಇವನಿಗೆ ಆಗಲಿಲ್ಲ.

ಬಿರುಕಿದ್ದದ್ದು ಪಾಸಾದರೆ ಕಂಬ ಹತ್ತಿದವನ ಪ್ರಾಣ ಹೋದೀತು. ಆ ಪಾಪ ಬೇಡವೆಂದು, ತಟ್ಟಿದಾಗ ಕೈಬೆರಳಿಗೆ ಕಂಪನ ಚೆನ್ನಾಗಿ ತಾಗಿದ ದಪ್ಪ ಬಟ್ಟಲುಗಳನ್ನಷ್ಟೇ ಪಾಸು ಮಾಡಿ ಉಳಿದದ್ದನ್ನೆಲ್ಲ ಒಡಕಿಗೆ ಹಾಕಿದ. ಇದನ್ನು ಆ ಮಹಾನುಭಾವ ಪ್ರಾಮಾಣಿಕತೆ ಎಂದುಕೊಂಡ. ಅಕ್ಕನ ಹೆಸರು ಆ ಗಾಡಿಯಲ್ಲೇ ಹೋಗುತ್ತಿದೆ ಎಂಬುದು ಕಾಣುತ್ತಿದ್ದರೂ ನಾಳೆ ಸರಿಹೋದೀತು, ನಾಳೆ ಸರಿಹೋದೀತು ಎಂದು ತಳ್ಳಿದ.

ಮನೆಯಲ್ಲಿ ಕೂತಲ್ಲಿ ಕೂರಲಾರ. ತಟ್ಟೆ ತಟ್ಟಿದ, ಲೋಟ ತಟ್ಟಿದ, ಕಿಟಕಿಯ ಸರಳು ತಟ್ಟಿದ. "ಏನಾಗಿದೆ ನಿಮ್ಗೆ, ಮನೆಯೆಲ್ಲಾ ಕುಟ್ಕೊಂಡು ಓಡಾಡ್ತಿದೀರ?" ಎಂದು ಹೆಂಡತಿ ಕೇಳಿದ್ದು ಅವಳ ತುಟಿಯಿಂದ ತಿಳಿಯಿತು. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದ, ಮೂಲೆಯವರೆಗೆ ನಡೆದು ತಿರುಗಿ ಬಂದ, ಮತ್ತೆ ಹೋದ.

ಬುಧವಾರ ಕಿವಿ ಡಾಕ್ಟರ ಹತ್ತಿರ ಹೋದ. ಸದ್ದು ಕೇಳಿದಾಗ ಗುಂಡಿ ಒತ್ತಬೇಕೆಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನಂತೆ ಅಂದಾಜಿನ ಮೇಲೆ ಒತ್ತಿದ. ಡಾಕ್ಟರು ಕಾಗದ ನೋಡಿದರು, ಇವನ ಮುಖ ನೋಡಿದರು, ಹತ್ತಿರ ಬಂದು ಬಿಡಿಸಿ ಬಿಡಿಸಿ ಕೇಳಿದರು.

"ಮಾತ್ರೆ ಏನಾದ್ರೂ ತಗೋತೀರಾ?"

"ತಲೆನೋವಿಗೆ ಒಂದೋ ಎರಡೋ. ಇದು ಫ್ಯಾಕ್ಟ್ರಿ ಗಲಾಟೆಯಿಂದ ಆಗಿರೋದು ಡಾಕ್ಟ್ರೇ."

"ಗಲಾಟೆಯಿಂದಾದ್ರೆ ನಿಧಾನಕ್ಕೆ ಹೋಗುತ್ತೆ. ಎರಡೂ ಕಿವಿ ಹಿಂಗೆ ಒಟ್ಟಿಗೆ ಹೋಗೋದು ಅಪರೂಪ. ನಿಜ ಹೇಳಿದ್ರೆ, ಬೇಗ ನಿಲ್ಲಿಸಿದ್ರೆ, ಸ್ವಲ್ಪ ಉಳಿದ್ರೂ ಉಳೀಬಹುದು. ತಡ ಮಾಡಿದ್ರೆ ನನ್ನ ಕೈಲೂ ಇಲ್ಲ."

"ಗಲಾಟೇನೇ" ಎಂದು ಎದ್ದುಬಂದ. ಮೆಟ್ಟಿಲ ಮೇಲೆ ನಿಂತು ನೀರಿಲ್ಲದೆ ಎರಡು ನುಂಗಿದ.

ಶುಕ್ರವಾರ ಊಟದ ಹೊತ್ತಿನಲ್ಲಿ ಅಕ್ಕ ಅವನ ಮೇಜಿಗೆ ಬಂದಳು. ಮೂಗಿನ ಮೇಲೆ ಹೊಸ ಕನ್ನಡಕವಿತ್ತು. ನಾಲ್ಕು ದಿನದಲ್ಲಿ ಭಟ್ಟಿಯ ಉರಿಯನ್ನು ಏರಿಸಿ ನೋಡಿದ್ದಳು, ಇಳಿಸಿ ನೋಡಿದ್ದಳು, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಎರಡು ಬಟ್ಟಲುಗಳನ್ನು ಅವನ ಮುಂದಿಟ್ಟಳು. ಅವನು ಅವಳ ತುಟಿಗೆ ಕಣ್ಣು ನೆಟ್ಟ.

"ಇದು ಹೋದ ತಿಂಗಳಿಂದು, ನೀನು ಪಾಸ್ ಮಾಡಿದ್ದು. ಇದು ಇವತ್ತು ನೀನು ಒಡಕು ಅಂದಿದ್ದು. ಬಣ್ಣದಲ್ಲಿ ನಂಗೆ ಒಂದು ಚೂರೂ ವ್ಯತ್ಯಾಸ ಕಾಣ್ತಿಲ್ಲ ಕಣೋ. ಕನ್ನಡಕ ಹಾಕಿದ್ರೂ ಕಾಣ್ತಿಲ್ಲ. ನನ್ನ ಕಣ್ಣೇ ಹೋಗಿದೆ. ಈಗ ಮ್ಯಾನೇಜರಿಗೆ ಹೇಳ್ಬಿಡ್ತೀನಿ, ಭಟ್ಟಿ ಬೇರೆಯವರು ನೋಡ್ಕೊಳ್ಳಲಿ."

ತನ್ನ ಕಣ್ಣಿಗಿಂತ ತಮ್ಮನ ಕಿವಿಯನ್ನೇ ಅವಳು ಹೆಚ್ಚು ನಂಬಿದ್ದಳು. ತಾನು ಸುಮ್ಮನಿದ್ದರೆ ಸಾಕು, ಅವಳೇ ಹೋಗಿ ತಪ್ಪನ್ನು ತಲೆಗೆ ಕಟ್ಟಿಕೊಳ್ಳುತ್ತಾಳೆ. ಅವನ ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು. ಸುತ್ತಿಗೆಯನ್ನು ಅವಳ ಕಡೆ ಚಾಚಿದ.

"ತಟ್ಟು."

"ನಾನಾ? ನೀನು ತಟ್ಟಿದ್ದನ್ನಾ?"

"ತಟ್ಟಕ್ಕಾ."

ಅವಳು ಇವತ್ತಿನದನ್ನು ತಟ್ಟಿದಳು. ಹುಬ್ಬು ಮೇಲೇರಿತು. ಇನ್ನೊಮ್ಮೆ ತಟ್ಟಿದಳು. "ಠಣ್ ಅಂತಿದೆಯಲ್ಲೋ" ಎಂದಳು.

"ಅಂತಿರ್ಬೇಕು. ನಂಗೆ ಕೇಳಲ್ಲ. ಸೋಮವಾರದಿಂದ ಕೇಳ್ತಿಲ್ಲ." ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. "ಇದರಿಂದ. ಭಟ್ಟೀದು ಏನೂ ತಪ್ಪಿಲ್ಲ."

ಅಕ್ಕ ಸುತ್ತಿಗೆ ಹಿಡಿದೇ ಹೊರಟಳು. ಒಡಕಿನ ಗಾಡಿಗೆ ಹೋಗಿ ಒಂದನ್ನು ತೆಗೆದು ತಟ್ಟಿದಳು, ಇನ್ನೊಂದು, ಮತ್ತೊಂದು. ಶೆಡ್ಡಿನಲ್ಲಿ ಊಟ ಮಾಡುತ್ತಿದ್ದವರ ತಲೆಗಳು ಒಂದೊಂದಾಗಿ ತಿರುಗಿದವು. ಅವನಿಗೆ ಕೇಳಿದ್ದು ಥಪ್, ಥಪ್ ಮಾತ್ರ. ಅಕ್ಕ ನಗುತ್ತಿದ್ದಳು. ನಾಲ್ಕು ದಿನದಿಂದ ಅವಳ ಮುಖದಲ್ಲಿ ನಗು ಇರಲಿಲ್ಲ, ಅದನ್ನು ಕಿತ್ತುಕೊಂಡವನು ತಾನೇ ಎಂಬುದು ಆಗ ಅವನಿಗೆ ಪೂರ್ತಿ ತಿಳಿಯಿತು. ಹತ್ತನೆಯ ಬಟ್ಟಲಿನ ಹೊತ್ತಿಗೆ ಅವಳು ಅಳುತ್ತಿದ್ದಳು.

ಕಣ್ಣೊರೆಸಿಕೊಂಡು ವಾಪಸು ಬಂದವಳು ಪಟ್ಟಿಯನ್ನು ಎತ್ತಿ ಹಿಡಿದಳು. ಅವನಿಗೆ ಕಾಣುವಂತೆ ತುಟಿಯಾಡಿಸಿ ಕೇಳಿದಳು.

"ದಿನಕ್ಕೆಷ್ಟು?"

ಒಂದೋ ಎರಡೋ ಎಂಬುದು ನಾಲಿಗೆಯ ತುದಿಯವರೆಗೆ ಬಂತು.

"ಹದಿನಾರು."

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಡಾಕ್ಟ್ರಿಗೂ ಇದೇ ಲೆಕ್ಕ ಹೇಳ್ಬೇಕು. ಏಳು, ಈಗ್ಲೇ ಹೋಗೋಣ."

ಅವನು ಎದ್ದ. ಅವಳು ಸುತ್ತಿಗೆಯನ್ನು ಮೇಜಿನ ಮೇಲಿಡಲಿಲ್ಲ, ತೊಳೆಯುವ ಕೆಲಸದ ಹೆಂಗಸನ್ನು ಕರೆದು ಅವಳ ಕೈಗೆ ಕೊಟ್ಟಳು. ಆಕೆ ಅಳುಕುತ್ತಲೇ ಅವನ ಸ್ಟೂಲಿನ ಮೇಲೆ ಕೂತು ಮೊದಲ ಬಟ್ಟಲನ್ನು ತಟ್ಟಿದಳು. ಬಾಗಿಲಲ್ಲಿ ನಿಂತು ಅವನು ಆಕೆಯ ಮುಖ ನೋಡಿದ. ಮುಖ ಅರಳಿತು, ಒಳ್ಳೆಯ ಬಟ್ಟಲೇ ಇರಬೇಕು.