ಊಟ ಆತೇನ್ರಿ?

ಮಣಿಕೊಂಡದ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಕೂತು ಗಗನ ಕಟ್ಟಿದ ಆ್ಯಪ್‌ಗೆ ಇದ್ದದ್ದು ಒಂದೇ ಕೆಲಸ. ಇನ್ಸುಲಿನ್ ಚುಚ್ಚಿಕೊಂಡವರಿಗೆ ಅದರ ಬೆನ್ನಿಗೇ ಫೋನ್ ಮಾಡಿ, ಬೀದರ್ ಕಡೆಯ ಮಾತಿನಲ್ಲಿ ಕೇಳುವುದು: "ಊಟ ಆತೇನ್ರಿ?"

ಹನ್ನೆರಡನೆಯ ವಯಸ್ಸಿನಿಂದ ಸೂಜಿ ಹಿಡಿದವಳು ಗಗನ. ಚುಚ್ಚಿಕೊಂಡು ಉಣ್ಣದಿದ್ದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿಲ್‌ಸುಖ್‌ನಗರದ ಮೆಟ್ರೊ ಮೆಟ್ಟಿಲ ಮೇಲೆ ಒಮ್ಮೆ ಹಾಗೆಯೇ ಸಕ್ಕರೆ ಇಳಿದು ಬಿದ್ದಿದ್ದಳು. ಹುಬ್ಬಿನ ಮೇಲೆ ಗುರುತು ಇನ್ನೂ ಇತ್ತು.

ಇಂದು ಪಟಾನ್‌ಚೆರುವಿನ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ಪರೀಕ್ಷೆ. ಡಾಕ್ಟರ್ ಅನುರಾಧಾ ಹೂಂ ಅಂದರೆ ಆ್ಯಪ್ ಬೀದರ್ ಕಡೆಯಿಂದ ಬಂದ, ಸಕ್ಕರೆ ಕಾಯಿಲೆಯ ನಲವತ್ತು ಕಾರ್ಮಿಕರ ಕೈಗೆ ಹೋಗುತ್ತದೆ. ಇಲ್ಲವಾದರೆ ಮಣಿಕೊಂಡದ ಕೋಣೆಯಲ್ಲೇ ಉಳಿಯುತ್ತದೆ.

ಮೊದಲು ಬಂದು ಕೂತವನು ಮಧ್ಯಾಹ್ನದ ಪಾಳಿಯ ಮೇಸ್ತ್ರಿ ಕಲ್ಯಾಣಪ್ಪ. ಫೋನ್ "ಊಟ ಆತೇನ್ರಿ?" ಎಂದು ಕೇಳಿತು.

"ಆತ್ರಿ," ಅಂದ.

"ಛಲೋ ಆತು," ಅಂದಿತು ಫೋನ್.

ಡಾಕ್ಟರ್ ತಲೆದೂಗಿದರು. ಗಗನ ಮಾತ್ರ ಕಲ್ಯಾಣಪ್ಪನ ಹಣೆಯನ್ನೇ ನೋಡುತ್ತಿದ್ದಳು. ಫ್ಯಾನಿನ ಕೆಳಗೂ ಬೆವರು. ಆ ಬೆವರು ಅವಳಿಗೆ ಗೊತ್ತಿತ್ತು. ಮೀಟರ್ ತೆಗೆದು ಒಂದು ಹನಿ ರಕ್ತ ನೋಡಿದಳು. ಸಕ್ಕರೆ ಐವತ್ತೆಂಟಕ್ಕೆ ಇಳಿದಿತ್ತು. ಕೂಡಲೇ ಚೀಲದಲ್ಲಿದ್ದ ಗ್ಲೂಕೋಸ್ ಕದಡಿ ಕುಡಿಸಿದಳು.

ಅವನ ಮುಖಕ್ಕೆ ಕಳೆ ಬಂದ ಮೇಲೆ ಕೇಳಿದಳು: "ಕಾಕಾ, ಉಂಡಿಲ್ಲ ಹೌದಿಲ್ಲೋ?"

"ಬಸ್ ತಪ್ಪತಿತ್ತವಾ. ಸೂಜಿ ಚುಚ್ಚಿಕೊಂಡು ಹಂಗ ಓಡಿ ಬಂದೆ."

"ಮತ್ತ ಆತು ಅಂದ್ರಿ?"

"ಇಲ್ಲ ಅಂದ್ರ ಉಣ್ಣಾಕ ನೀಡ್ರಿ ಅಂದಂಗ ಆಗ್ತದ. ಯಾರಾರ ಅಂತಾರೇನು? ಅದರಾಗ ನಿನ್ನ ಫೋನೇನು ರೊಟ್ಟಿ ಬಡೀತದಾ?"

ಡಾಕ್ಟರ್ ಫೈಲು ಮುಚ್ಚಿದರು. "ನಿಮ್ಮ ಆ್ಯಪ್ ಇವರಿಗೆ 'ಛಲೋ ಆತು' ಅಂತಲ್ರಿ, ಗಗನ."

ಗಗನ ನಕ್ಕಳು. ಮೆಟ್ಟಿಲ ಮೇಲೆ ಬೀಳುವ ಮುಂಚೆ ಅವ್ವ ಫೋನಿನಲ್ಲಿ ಕೇಳಿದ್ದೂ ಇದನ್ನೇ. ತಾನು ಅಂದದ್ದೂ "ಆತವ್ವಾ" ಎಂದೇ.

"ಪ್ರಶ್ನೆ ತಪ್ಪು ಅದ ಮೇಡಂ, ಆ್ಯಪ್ ಅಲ್ಲ. ಹತ್ತು ನಿಮಿಷ ಕೊಡ್ರಿ."

ಲ್ಯಾಪ್‌ಟಾಪ್ ತೆರೆದು ಒಂದು ಸಾಲು ಬದಲಿಸಿದಳು. ಫೋನನ್ನು ಈ ಸಲ ಡಾಕ್ಟರ ಮುಂದೆಯೇ ಹಿಡಿದಳು.

"ಇವತ್ತ ಏನ್ ಪಲ್ಯ ಉಂಡ್ರಿ?"

ಅನುರಾಧಾ ಬಾಯಿ ತೆರೆದರು. ಕಣ್ಣು ಮೇಜಿನ ಮೇಲೆ ಮುಚ್ಚಿಯೇ ಇದ್ದ ತಮ್ಮ ಊಟದ ಡಬ್ಬಿಯ ಕಡೆ ಹೋಯಿತು. ಫೋನ್ ಮೂರು ಎಣಿಸುವಷ್ಟು ಕಾಯಿತು.

"ಎಲ್ಲಾ ಬಿಟ್ಟು ಮೊದಲ ಉಣ್ರಿ," ಅಂದಿತು ಫೋನ್.

"ಉಂಡವರು ತಟ್ಟನೆ ಹೇಳ್ತಾರ," ಅಂದಳು ಗಗನ. "ಉಣ್ಣದವರು ಹಿಂಗ ಡಬ್ಬಿ ನೋಡ್ತಾರ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಡಬ್ಬಿ ಬಿಚ್ಚಿ ಕಲ್ಯಾಣಪ್ಪನ ಮುಂದೆ ಸರಿಸಿದರು. "ಸೋಮವಾರ ನಲವತ್ತೂ ಮಂದೀನ ಕರಸ್ತೀನಿ. ನೀವು ಬರ್ರಿ."

ಕಲ್ಯಾಣಪ್ಪ ರೊಟ್ಟಿ ಮುರಿದ. ಬಾಯಿ ತುಂಬಿಕೊಂಡೇ ಫೋನಿನ ಕಡೆ ಬಾಗಿದ.

"ಬದನೀಕಾಯಿ, ನೋಡವಾ."