ದಾಸೋಹಕ್ಕೆ ಹೋದ ಕಂಪ್ಯೂಟರ್

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದೆ ಮುದ್ರಣದ ಅಂಗಡಿ ಇಟ್ಟಿದ್ದ ಬಸವಂತರಾಯನದು ಕೊಡುವ ಕೈ. ಆದರೆ ಆ ಕೈ ಕೊಡುತ್ತಿದ್ದುದೆಲ್ಲ ತನಗೆ ಬೇಡವಾದದ್ದೇ. ಕಾಲು ಮುರಿದ ಬೆಂಚು, ತಿರುಗದ ಫ್ಯಾನು, ಎಲ್ಲವೂ ನೆಲೋಗಿಯ ಮಠಕ್ಕೆ ದಾಸೋಹ. ತೊಂಬತ್ತೆಂಟರ ಶ್ರಾವಣದಲ್ಲಿ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ, ಹಳೆಯದಕ್ಕೆ ವಿಭೂತಿ ಬಳಿದು, ಪ್ರಿಂಟರ್ ಸಮೇತ ಹಲಗೆ ಬಾರಿಸುತ್ತ ಅಲ್ಲಿಗೇ ಮುಟ್ಟಿಸಿದ.

ಒಳಗಿದ್ದ ಬರಹವನ್ನು ಮಾತ್ರ ಫ್ಲಾಪಿಗೆ ಇಳಿಸಿಕೊಂಡಿದ್ದ. ಅದರಲ್ಲಿ ತೀರಿಹೋದ ತಾಯಿ ಗುರುಶಾಂತಮ್ಮನ ಪದಗಳಿದ್ದವು. ಅಕ್ಷರ ಬಾರದ ಆಕೆ ರೊಟ್ಟಿ ಬಡಿಯುತ್ತ ಕಟ್ಟಿದ ಪದಗಳು. ಕೊನೆಯ ವರ್ಷ ಅಂಗಡಿಯಲ್ಲಿ ಕುಳಿತು ಆಕೆ ಹಾಡಿದಂತೆ ಇವನು ಕೀಲಿ ಒತ್ತಿದ್ದ. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಹೊಸ ಯಂತ್ರದಲ್ಲಿ ಅಂದವಾಗಿ ಪುಸ್ತಕ ಮಾಡಿ, ಶ್ರಾವಣದ ಕಡೆಯ ಸೋಮವಾರ ಮಠದಲ್ಲಿ ಓದಿಸಬೇಕೆಂದು ಕಾದಿದ್ದ.

ಫ್ಲಾಪಿ ಹಾಕಿದರೆ ತೆರೆಯ ತುಂಬ ಚೌಕ, ಚುಕ್ಕೆ, ಕೊಕ್ಕೆ. ಕಂಪ್ಯೂಟರ್ ಮಾರಿದ ಹಣಮಂತರಾಯನನ್ನು ಕರೆಸಿದ.

"ಹೊಸ ಸಿಸ್ಟಮ್‌ನಾಗ ಹಳೇ ಕನ್ನಡ ಪ್ರೋಗ್ರಾಮ್ ನಡ್ಯಂಗಿಲ್ರಿ ಸಾವ್ಕಾರ್ರ. ಮಾಡಿದವ್ರೇ ಅದರ ಸಪೋರ್ಟ್ ತಗದಾರ."

"ಮೊದಲ ಹೇಳಬಾರದೇನೋ?"

"ಬಣ್ಣ ಎಷ್ಟ್ ಕಾಣ್ತಾವಂತ ಕೇಳಿದ್ರಿ. ಅದನ್ನ ಹೇಳಿದ್ನಿ."

ಚಹಾ ತಂದ ಹೆಂಡತಿ ಶಿವಕಾಂತಾ ಸುಮ್ಮನಿರಲಿಲ್ಲ. "ಹೊಸ ಸೊಸಿ ಬಂದ್ಳಂತ ಅತ್ತೀನ್ನ ಅದೇ ದಿನ ಹೊರಗ ಹಾಕಿದ್ರ, ಉಪ್ಪಿನ ಡಬ್ಬಿ ಎಲ್ಲಿ ಅದ ಅಂತ ಯಾರಿಗಿ ಕೇಳ್ತೀರಿ?"

ಬಸವಂತರಾಯ ನೆಲೋಗಿ ಬಸ್ಸು ಹತ್ತಿದ. ಮಠದಲ್ಲಿ ಹಳೆಯ ಕಂಪ್ಯೂಟರ್ ಕಾವಿ ಬಟ್ಟೆ ಹೊದ್ದು ಕೂತಿತ್ತು, ನೆತ್ತಿಯ ಮೇಲೊಂದು ಬಿಲ್ವಪತ್ರೆ.

"ಶರಣ್ರಿ ಧರ್ಮಣ್ಣಾರ. ಕಂಪ್ಯೂಟರ್ ವಾಪಸ್ ಒಯ್ಯಾಕ ಬಂದೇನ್ರಿ."

ಮಠದ ವ್ಯವಹಾರ ನೋಡುತ್ತಿದ್ದ ಧರ್ಮಣ್ಣ ಚಾಪೆ ಹಾಸಿದ. "ಬರ್ರಿ, ಬರ್ರಿ. ಫ್ಯಾನ್ ಒಯ್ಯಾಕ ಯಾವಾಗ ಬರ್ತೀರಿ?"

ಬಸವಂತರಾಯ ತಾಯಿಯ ಪದಗಳ ಸಂಗತಿ ಹೇಳಿದ. ಧರ್ಮಣ್ಣನ ನಗೆ ಮೆತ್ತಗಾಯಿತು. "ಆದ್ರ ಮಠದ ರೂಢಿ ನಿಮಗ ಗೊತ್ತದ. ಕೊಟ್ಟ ಕೊಡ ಒಯ್ಯಬೇಕಂದ್ರ ಅದಕ್ಕಿಂತ ದೊಡ್ಡ ಕೊಡ ಇಟ್ಟು ಒಯ್ಯಬೇಕು."

"ದೊಡ್ಡದು ಅಂದ್ರ?"

"ಹೊಸದು ಅದ ಅಲ್ರಿ ನಿಮ್ಮ ಹತ್ರ."

ಬಸವಂತರಾಯ ಪ್ರಿಂಟರಿನತ್ತ ಬೆರಳು ತೋರಿಸಿದ. "ಇಲ್ಲೇ ಕುಂತು ಪ್ರಿಂಟ್ ತಕ್ಕೊಂಡ್ರ ನಡೀತದಲ್ರಿ?"

"ನಡೀತದ. ಗಿರಾಕಿಗಳ ಹಳೇ ಲಗ್ನಪತ್ರಿಕೆಗೂ ದಿನಾ ನೆಲೋಗಿಗಿ ಬರ್ತೀರೇನು?"

ಅದನ್ನವನು ಯೋಚಿಸಿರಲಿಲ್ಲ. ಬಟ್ಟೆ ಸರಿಸಿ ಗುಂಡಿ ಒತ್ತಿದ. ಯಂತ್ರ ಕೆಮ್ಮಿತು, ಗೊರಗುಟ್ಟಿತು, ಎಚ್ಚರವಾಯಿತು. ಫ್ಲಾಪಿ ನುಂಗಿದ್ದೇ ತಡ, ಹಸಿರು ಅಕ್ಷರದಲ್ಲಿ ಅವ್ವ ಬಂದಳು. ಓದಲು ಹೋದವನ ಬಾಯಿಂದ ಅವಳ ಧಾಟಿಯೇ ಹೊರಟಿತು:

ಬ್ಯಾಡಾದ್ದು ಕೊಟ್ಟವಗ ಬಾಯ್ತುಂಬ ಹೊಗಳಿಕಿ
ಬೇಕಾದ್ದು ಕೇಳ್ಯಾನ ಗುರುರಾಯ

ಬಸವಂತರಾಯ ಅಲ್ಲಿಗೇ ಹಾಡು ನಿಲ್ಲಿಸಿ, ಆ ಸಾಲನ್ನೇ ಮತ್ತೆ ಓದಿಕೊಂಡ. ಧರ್ಮಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. "ನಿಲ್ಲಿಸಬ್ಯಾಡ್ರಿ. ಮುಂದ ಹೇಳ್ರಿ."

ಕಡೆಯ ಸೋಮವಾರ ಪದಗಳು ಮಠದಲ್ಲಿ ಮೊಳಗಿದವು. ಪುಸ್ತಕ ಹಳೆಯ ಪ್ರಿಂಟರಿನ ಚುಕ್ಕೆ ಚುಕ್ಕೆ ಅಕ್ಷರದ್ದು, ಅಂದವೇನೂ ಇರಲಿಲ್ಲ. ಮುದುಕಿಯರು ಅದನ್ನೇ ಕಣ್ಣಿಗೊತ್ತಿಕೊಂಡರು. ಹಳೆಯದು ಅಂಗಡಿಗೆ ಮರಳಿತ್ತು; ಕಾವಿ ಬಟ್ಟೆಯ ಕೆಳಗೆ ಈಗ ಹೊಸ ಕಂಪ್ಯೂಟರ್. ಬಸವಂತರಾಯ ಅದರತ್ತ ಮತ್ತೆ ಮತ್ತೆ ಕಳ್ಳನೋಟ ಬೀರುವುದನ್ನು ಕಂಡು ಶಿವಕಾಂತಾ ಪಿಸುಗುಟ್ಟಿದಳು:

"ಇರ್ಲಿ ಬಿಡ್ರಿ. ಅದೂ ಹಳೇದಾಗ್ಲಿ, ಆಮ್ಯಾಲ ಒಯ್ಯೋಣು."