ಎಸಿ ಇಲ್ಲದ ಮ್ಯೂಸಿಯಂ

“ಬೋಳಿಮಗನೇ, ಕೆಮ್ಮು ಬಂದ್ರೆ ನುಂಗ್ಕೋ. ಕೆಳಗೆ ಕೇಳಿಸ್ತೋ, ನಿನ್ನ ಪಾಸ್‌ಪೋರ್ಟ್ ಹರಿದು ಸಮುದ್ರಕ್ಕೆ ಹಾಕ್ತೀನಿ.”

ಹೀಗೆಂದು ಸೂಪರ್‌ವೈಸರ್ ಆದರ್ಶ್ ಬುರುಜಿನ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದ. ಒಳಗೆ ಉಳಿದವರು ಉಳ್ಳಾಲದ ಇಜಾಝ್ ಮತ್ತು ಶಿರ್ವದ ಕೊಸ್ಮಸ್. ಬೇಸಿಗೆಯ ಮಧ್ಯಾಹ್ನ ಕೆಲಸ ಮಾಡಿಸಬಾರದೆಂಬ ನಿಯಮ ಉಂಟಲ್ಲ ಸರ್ ಎಂದು ಇಜಾಝ್ ಮೆಲ್ಲಗೆ ಕೇಳಿದ್ದಕ್ಕೆ, ಅದು ಬಿಸಿಲಲ್ಲಿ ದುಡಿಯುವವರಿಗೆ, ಬುರುಜಿನೊಳಗೆ ಎಲ್ಲಿದೆ ಬಿಸಿಲು ಎಂದು ಆದರ್ಶ್ ನಕ್ಕಿದ್ದ.

ಗಲ್ಫಿನ ಮುಹರಖ್ ಊರಿನ ಆ ಹೊಸ ಮ್ಯೂಸಿಯಂ ಹಸಿರು ಕಟ್ಟಡವಂತೆ. ಅಲ್ಲಿನ ಹಳೇ ಮನೆಗಳ ಹಾಗೆ ಮೇಲೊಂದು ಬುರುಜು. ಅದು ಸಮುದ್ರದ ಗಾಳಿ ಹಿಡಿದು ಕೆಳಗಿನ ಸಭಾಂಗಣಕ್ಕೆ ಇಳಿಸುತ್ತದೆ, ಎಸಿಯೇ ಬೇಡ. ನಕ್ಷೆಯಲ್ಲಿ ಎಲ್ಲ ಚೆಂದವೇ. ಆದರೆ ಗಾಳಿ ಕೈಕೊಟ್ಟು ವಾರವಾಗಿತ್ತು, ಸಭಾಂಗಣ ಒಲೆಯಾಗಿತ್ತು, ಹಸಿರು ಕಟ್ಟಡವೆಂದು ಸರ್ಟಿಫಿಕೇಟ್ ಕೊಡುವ ಪರದೇಶದ ತಂಡ ಈ ದಿನವೇ ಬರುವುದಿತ್ತು. ಆದರ್ಶ್ ತಲೆ ಓಡಿಸಿದ. ಬುರುಜಿನ ಒಳಗೋಡೆಗೆ ಲಾವಂಚದ ಚಾಪೆ ತೂಗುಹಾಕಿಸಿದ, ಡ್ರಮ್ಮಿಗೆ ಐಸ್ ನೀರು ತುಂಬಿಸಿದ. ಚಾಪೆಗೆ ನೀರೆರೆಯಲು ಇಜಾಝ್, ದೊಡ್ಡ ರಟ್ಟಿನಿಂದ ಬೀಸಲು ಕೊಸ್ಮಸ್. ಫ್ಯಾನಿಟ್ಟರೆ ಸದ್ದಾಗುತ್ತದೆ, ಮನುಷ್ಯರನ್ನು ಹೆದರಿಸಿದರೆ ಸದ್ದಿರುವುದಿಲ್ಲ.

ಕೆಲಸ ಸುಸೂತ್ರವಾದರೆ ನಾಳೆಯೇ ಪಾಸ್‌ಪೋರ್ಟ್ ಕೊಟ್ಟು ಊರಿಗೆ ಬಿಡುವುದಾಗಿ ಆದರ್ಶ್ ಇಜಾಝ್‌ಗೆ ಮಾತು ಕೊಟ್ಟಿದ್ದ. ಮಗಳು ಹಸ್ನಾ ಹುಟ್ಟಿ ಮಾತು ಕಲಿತದ್ದೆಲ್ಲ ಅವನು ಕಂಡದ್ದು ಫೋನಿನಲ್ಲಿ. ಆ ಆಸೆಗೇ ಅವನು ಚಿಲಕದ ಒಳಗೆ ಬಂದು ನಿಂತಿದ್ದ.

ಕಾಲಬುಡದ ಮರದ ಜಾಲರಿಯ ಸಂದಿನಿಂದ ತಂಡ ಬಂದದ್ದು ಕಾಣಿಸಿತು. ಕಂಪೆನಿಯ ದೊಡ್ಡ ಯಜಮಾನ ತಲೆಯೆತ್ತಿ ಬುರುಜು ತೋರಿಸಿದ. ಬಂದವರು ತಂಪಿಗೆ ಮುಖವೊಡ್ಡಿ ವಾಹ್ ವಾಹ್ ಎಂದರು. ತಂಪೆಲ್ಲ ಕೆಳಗಿಳಿಯಿತು, ಮೇಲಿದ್ದವರ ಪಾಲಿಗೆ ಕಾದ ಗೋಡೆಯ ಧಗೆ.

“ತಲೆ ತಿರುಗ್ತಾ ಉಂಟು ಮಾರಾಯ,” ಎಂದ ಕೊಸ್ಮಸ್.

“ಸ್ವಲ್ಪ ತಡ್ಕೊಳ್ಳಿ ಕೊಸ್ಮಸಣ್ಣ. ಅವ್ರು ಈಗ ಹೋಗ್ತಾರೆ.”

ಅವರು ಹೋಗಲಿಲ್ಲ. ರಟ್ಟು ಕೈಜಾರಿತು. ಕೊಸ್ಮಸ್ ಗೋಡೆಗೊರಗಿ ಹಾಗೇ ಕುಸಿದ. ಮುಟ್ಟಿದರೆ ಮೈ ಕೆಂಡ, ಬೆವರೇ ಇಲ್ಲ. ಇಜಾಝ್ ಚೊಂಬು ಹಿಡಿದು ಒಂದು ಗಳಿಗೆ ಚಾಪೆಯನ್ನೂ ನೋಡಿದ, ಕೊಸ್ಮಸನನ್ನೂ ನೋಡಿದ. ಆಮೇಲೆ ಇಡೀ ಡ್ರಮ್ಮನ್ನೇ ಬಾಗಿಸಿ ಕೊಸ್ಮಸನ ಮೇಲೆ ಸುರಿದ.

ಕೆಳಗೆ ಧಗೆ ಏರತೊಡಗಿತು. ಆದರ್ಶ್ ಏದುಸಿರು ಬಿಡುತ್ತ ಮೇಲೆ ಓಡಿಬಂದು ಬಾಗಿಲಾಚೆಯಿಂದ ಪಿಸುಗುಟ್ಟಿದ.

“ನೀರು ಹಾಕೋ ಸೂಳೆಮಗನೇ.”

“ನೀರಿಲ್ಲ ಸರ್. ಕೊಸ್ಮಸಣ್ಣ ಕಣ್ಣು ಬಿಡುವುದಿಲ್ಲ. ಬಾಗಿಲು ತೆಗೀರಿ.”

“ಅವ್ರು ಹೋಗ್ಲಿ, ತೆಗೀತೀನಿ. ಪಾಸ್‌ಪೋರ್ಟ್ ಬೇಕೋ ಬೇಡ್ವೋ ನಿಂಗೆ?”

ಇಜಾಝ್ ಖಾಲಿ ಡ್ರಮ್ಮನ್ನೆತ್ತಿ ಜಾಲರಿಗೆ ಬಡಿದ, ಮತ್ತೆ ಮತ್ತೆ ಬಡಿದ. ಕೆಳಗಿದ್ದವರು ಬೆಚ್ಚಿ ಮೇಲೆ ನೋಡಿದರು. ಗಾಳಿ ಎದ್ದಾಗ ಬುರುಜು ಹೀಗೇ ಸದ್ದು ಮಾಡುತ್ತದೆ ಎಂದು ಯಜಮಾನ ಇಂಗ್ಲಿಷಿನಲ್ಲಿ ವಿವರಿಸಿದ. ಬಂದವರು ಕತ್ತಿನ ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸಿದರು.

ಜಾಲರಿಯ ಒಂದು ಪಟ್ಟಿ ಲಟಕ್ಕೆಂದು ಮುರಿಯಿತು. ಇಜಾಝ್ ಮಂಡಿಯೂರಿ, ಕೊಸ್ಮಸನ ಕೈಯನ್ನು ಭುಜದವರೆಗೂ ಆ ಕಿಂಡಿಯಿಂದ ಕೆಳಗೆ ಇಳಿಬಿಟ್ಟ.

ಯಜಮಾನನ ಮಾತು ನಿಂತಿತು. ಸಭಾಂಗಣದ ನೆತ್ತಿಯಲ್ಲಿ ಒಂದು ಕೈ ತೂಗುತ್ತಿತ್ತು, ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬೊಬ್ಬರಾಗಿ ಫೋನು ಮೇಲೆತ್ತಿದರು. ಚಿಲಕ ಇನ್ನೂ ಹಾಕಿಯೇ ಇತ್ತು.